ಮುಳ್ಳಿನಿಂದಲೇ ಮುಳ್ಳು



ನಮ್ಮ ಮಾನ್ವಿ, ದೇವದುರ್ಗದ ಕಡೆಯ ಹತ್ತಿ ಬೆಳೆಗಾರರಿಗೆ ಒಂದು ಮಾತು ಚೆನ್ನಾಗಿ ಗೊತ್ತು. ಒಂದೇ ಔಷಧವನ್ನು ವರ್ಷವರ್ಷವೂ ಹೊಡೆಯುತ್ತ ಹೋದರೆ ಹುಳು ಅದಕ್ಕೆ ಜಗ್ಗುವುದಿಲ್ಲ. ಮೆತ್ತಗಿನವು ಸಾಯುತ್ತವೆ, ಗಟ್ಟಿಯಾದವು ಉಳಿಯುತ್ತವೆ. ಮುಂದಿನ ಸಂತಾನವೆಲ್ಲ ಆ ಗಟ್ಟಿ ವಂಶದ್ದೇ. ಹೊಲದಲ್ಲಿ ನಡೆಯುವ ಈ ವ್ಯವಹಾರ ನಮ್ಮ ಮೈಯೊಳಗಿನ ರೋಗಾಣುಗಳಲ್ಲಿಯೂ ನಡೆಯುತ್ತದೆ. ಪೆನಿಸಿಲಿನ್ನನ್ನು ಕಂಡುಹಿಡಿದ ಫ್ಲೆಮಿಂಗ್ ಅವರು 1945ರ ತಮ್ಮ ನೊಬೆಲ್ ಭಾಷಣದಲ್ಲಿಯೇ ಈ ಅಪಾಯದ ಬಗ್ಗೆ ಎಚ್ಚರಿಸಿದ್ದರು. ಅವರ ಮಾತು ಸುಳ್ಳಾಗಲಿಲ್ಲ. ಔಷಧಕ್ಕೆ ಬಗ್ಗದ ರೋಗಾಣುಗಳಿಂದಲೇ 2019ರಲ್ಲಿ ಜಗತ್ತಿನಾದ್ಯಂತ ಸುಮಾರು 12 ಲಕ್ಷ 70 ಸಾವಿರ ಜನ ಸತ್ತರೆಂದು ತಜ್ಞರು ಲೆಕ್ಕಹಾಕಿದ್ದಾರೆ.

ಹಾಗಾದರೆ ದಾರಿ ಯಾವುದು? ಮುಳ್ಳನ್ನು ಮುಳ್ಳಿನಿಂದಲೇ ತೆಗೆಯಬೇಕೆಂಬ ಗಾದೆ ಇಲ್ಲಿ ಅಕ್ಷರಶಃ ಸಲ್ಲುತ್ತದೆ. ರೋಗಾಣುವಿಗೂ ರೋಗ ತರುವ ವೈರಸ್ಸುಗಳುಂಟು. ಅವಕ್ಕೆ ಬ್ಯಾಕ್ಟೀರಿಯೋಫೇಜ್ ಎಂದು ಹೆಸರು. ನಮ್ಮ ಮಾತಿನಲ್ಲಿ ಸೂಕ್ಷ್ಮಾಣುಭಕ್ಷಕ ಎನ್ನಬಹುದು. ಹೆಸರೇನೋ ಭಕ್ಷಕ, ಆದರೆ ಅದು ತಿನ್ನುವುದಿಲ್ಲ. ರೋಗಾಣುವಿನ ಮೇಲೆ ಕುಳಿತು ತನ್ನ ವಂಶಬೀಜವನ್ನು ಒಳಗೆ ಸೇರಿಸುತ್ತದೆ. ಕೆಲವು ಜಾತಿಗಳಲ್ಲಿ ಅರ್ಧ ಗಂಟೆಯೊಳಗಾಗಿ ನೂರಾರು ಮರಿಗಳು ಆ ಗೋಡೆಯನ್ನೊಡೆದು ಹೊರಬೀಳುತ್ತವೆ. ವಿಶೇಷವೆಂದರೆ ಪ್ರತಿಯೊಂದು ಫೇಜಿಗೂ ತನ್ನದೇ ಬೇಟೆ. ಉಳಿದ ಸೂಕ್ಷ್ಮಾಣುಗಳನ್ನಾಗಲಿ ಮನುಷ್ಯನ ಜೀವಕೋಶಗಳನ್ನಾಗಲಿ ಅದು ಮುಟ್ಟುವುದಿಲ್ಲ.

ಈ ಕಥೆಯ ಆರಂಭದಲ್ಲಿ ನಮ್ಮ ದೇಶದ ನದಿಗಳೂ ಇವೆ. 1896ರಲ್ಲಿ ಹ್ಯಾಂಕಿನ್ ಎಂಬ ಇಂಗ್ಲಿಷ್ ವಿಜ್ಞಾನಿ ಗಂಗಾ ಯಮುನೆಗಳ ನೀರಿನಲ್ಲಿ ಕಾಲರಾ ರೋಗಾಣುಗಳು ಸಾಯುವುದನ್ನು ಕಂಡರು. ಕಾಯಿಸಿದ ನೀರಿಗೆ ಆ ಗುಣವಿರಲಿಲ್ಲ. ಅದು ಫೇಜಿನ ಕೆಲಸವೇ ಎಂಬುದರಲ್ಲಿ ವಿದ್ವಾಂಸರಿಗೆ ಏಕಾಭಿಪ್ರಾಯವಿಲ್ಲ. ಆದ್ದರಿಂದ ನದಿಯ ನೀರನ್ನು ಔಷಧವೆಂದು ಯಾರೂ ಕುಡಿಯಬಾರದು. 1917ರಲ್ಲಿ ದೆರೆಲ್ ಎಂಬ ಸಂಶೋಧಕರು ಈ ಜೀವಕ್ಕೆ ಹೆಸರಿಟ್ಟರು. 1927ರಲ್ಲಿ ಪಂಜಾಬಿಗೆ ಬಂದು ಕಾಲರಾ ರೋಗಿಗಳ ಮೇಲೆ ಪ್ರಯೋಗ ನಡೆಸಿದರು. ಮುಂದೆ ಪೆನಿಸಿಲಿನ್ ಬಂದಮೇಲೆ ಪಶ್ಚಿಮದ ದೇಶಗಳು ಫೇಜನ್ನು ಮರೆತುವು. ಆದರೆ ಜಾರ್ಜಿಯದ ಟಿಬಿಲಿಸಿ ನಗರದಲ್ಲಿ 1923ರಲ್ಲಿ ಸ್ಥಾಪಿತವಾದ ಸಂಸ್ಥೆಯೊಂದು ಈ ವಿದ್ಯೆಯನ್ನು ಕೈಬಿಡದೆ ಉಳಿಸಿಕೊಂಡಿತು.

ಇಂದು ಮರೆತ ದಾರಿಯನ್ನು ಮತ್ತೆ ಹುಡುಕುತ್ತಿದ್ದಾರೆ. 2016ರಲ್ಲಿ ಅಮೆರಿಕದ ಸ್ಯಾನ್ ಡಿಯೆಗೊದಲ್ಲಿ ಯಾವ ಔಷಧಕ್ಕೂ ಬಗ್ಗದ ಸೋಂಕಿನಿಂದ ಮರಣೋನ್ಮುಖರಾಗಿದ್ದ ಪ್ರಾಧ್ಯಾಪಕರೊಬ್ಬರು ಫೇಜಿನ ಚಿಕಿತ್ಸೆಯಿಂದ ಚೇತರಿಸಿಕೊಂಡರು. ನಮ್ಮ ಬೆಂಗಳೂರಿನಲ್ಲಿಯೂ 2000ದಲ್ಲಿ ವಿಜ್ಞಾನಿ ಜೆ. ರಾಮಚಂದ್ರನ್ ಅವರು ಗಂಗಾಜೆನ್ ಎಂಬ ಸಂಸ್ಥೆಯನ್ನು ಕಟ್ಟಿದರು. ಅಲ್ಲಿಯ ಸಂಶೋಧಕರು ಫೇಜಿನಿಂದ ಪಡೆದ ಅಂಶವನ್ನು ಬಳಸಿ, ಸ್ಟ್ಯಾಫಿಲೊಕಾಕಸ್ ಎಂಬ ರೋಗಾಣುವಿನ ಗೋಡೆಯನ್ನೊಡೆಯುವ ಪಿ128 ಎಂಬ ಪ್ರೋಟೀನನ್ನು ರೂಪಿಸಿದ್ದಾರೆ.

ಆದರೆ ಇದು ಅಂಗಡಿಗೆ ಹೋಗಿ ಕೊಳ್ಳುವ ಮದ್ದಲ್ಲ. ಒಬ್ಬೊಬ್ಬ ರೋಗಿಯ ರೋಗಾಣುವಿಗೂ ತಕ್ಕ ಫೇಜನ್ನು ಆರಿಸಬೇಕು, ಶುದ್ಧಿಮಾಡಬೇಕು. ರೋಗಾಣು ಫೇಜಿಗೂ ಜಗ್ಗದೆ ಹೋಗಬಹುದಾದ್ದರಿಂದ ಹಲವು ಬಗೆಯ ಫೇಜುಗಳನ್ನು ಕೂಡಿಸಿ ಕೊಡುವುದುಂಟು.

ಆದ್ದರಿಂದ ಹೊಸ ಆಯುಧ ಸಿದ್ಧವಾಗುವವರೆಗೆ ಇರುವ ಆಯುಧವನ್ನು ಮೊಂಡು ಮಾಡಿಕೊಳ್ಳದಿರುವುದೇ ವಿವೇಕ. ಜ್ವರ ಇಳಿಯಿತೆಂದು ಅರ್ಧ ಮಾತ್ರೆ ನುಂಗಿ, ಉಳಿದರ್ಧವನ್ನು ಗೂಡಿನಲ್ಲಿಟ್ಟು, ನೆರೆಮನೆಯ ಮಗುವಿಗೆ ಕೆಮ್ಮು ಬಂದಾಗ ಧರ್ಮಕ್ಕೆ ಕೊಡುವ ತಾಯಂದಿರು ನಮ್ಮಲ್ಲಿ ಎಷ್ಟಿಲ್ಲ! ಅದು ಉಪಕಾರವಲ್ಲ. ನೆಗಡಿ, ಕೆಮ್ಮು ಬಹುಪಾಲು ವೈರಸ್ಸಿನಿಂದ ಬರುತ್ತವೆ. ಅವಕ್ಕೆ ಆಂಟಿಬಯೋಟಿಕ್ ತಾಗುವುದೇ ಇಲ್ಲ. ವೈದ್ಯರು ಹೇಳಿದಾಗ ಮಾತ್ರ, ಹೇಳಿದಷ್ಟು ದಿನ, ಹೇಳಿದ ಪ್ರಮಾಣದಲ್ಲಿ ತೆಗೆದುಕೊಳ್ಳೋಣ. ನಾಳೆ ನಮ್ಮ ಮಕ್ಕಳ ಗಾಯ ಮಾಯಬೇಕಾದರೆ ಇಂದಿನ ಮದ್ದು ಅಲ್ಲಿಯವರೆಗೆ ಬಾಳಬೇಕು.