ಹಲ್ಲು ಕೀಳೋಕೂ ಭಯಾನಾ ಡಾಕ್ಟ್ರೇ?

ಇವತ್ತು ರಾಜಕೀಯ ಬೇಡ, ಒಂದು ಹಲ್ಲಿನ ವಿಷಯ ಮಾತಾಡೋಣ.

ಮೊನ್ನೆ ಒಬ್ಬ ಹೆಣ್ಣುಮಗಳು ನನ್ನನ್ನು ನೋಡೋಕೆ ಬಂದಿದ್ದರು. ದವಡೆ ಊದಿಕೊಂಡಿತ್ತು. ಮೂರು ಹಲ್ಲಿನ ಕ್ಲಿನಿಕ್ ಸುತ್ತಿದ್ದಾರೆ. ಮೂರೂ ಕಡೆ 'ನನಗೆ ಎಚ್‌ಐವಿ ಇದೆ, ಮಾತ್ರೆ ತಗೊಳ್ತಿದೀನಿ' ಅಂತ ನಿಜ ಹೇಳಿದ್ದಾರೆ. ಒಬ್ಬರು ಮಷೀನ್ ಕೆಟ್ಟಿದೆ ಅಂದ್ರಂತೆ. ಇನ್ನೊಬ್ಬರು ದೊಡ್ಡಾಸ್ಪತ್ರೆಗೆ ಹೋಗಮ್ಮ ಅಂದ್ರಂತೆ. ಮೂರನೆಯವರು ಬಾಯಿ ತೆಗೆಸಿ ನೋಡಲೂ ಇಲ್ಲ. ಕೊನೆಗೆ ಆಕೆ ಹೇಳಿದ್ದು: "ಸಾರ್, ನಾಲ್ಕನೇ ಕಡೆ ನಾನು ಹೇಳೋದೇ ಇಲ್ಲ."

ನನಗೆ ಗಾಬರಿಯಾಗಿದ್ದು ಈ ಮಾತಿಗೆ. ನಿಜ ಹೇಳಿದವರನ್ನು ಬಾಗಿಲಿನಿಂದಲೇ ಕಳಿಸಿದರೆ, ಮುಂದೆ ಯಾರ್ರೀ ನಿಜ ಹೇಳ್ತಾರೆ?

ವೈದ್ಯರ ಭಯ ಸುಳ್ಳು ಅಂತ ನಾನು ಹೇಳಲ್ಲ. ಸೂಜಿ, ರಕ್ತದ ನಡುವೆಯೇ ಅವರ ಕೆಲಸ. ಆದರೆ ಲೆಕ್ಕ ನೋಡಿ. ಎಚ್‌ಐವಿ ಇರುವ ರಕ್ತದ ಸೂಜಿ ಚುಚ್ಚಿದರೆ ಸೋಂಕು ತಗಲುವ ಸಾಧ್ಯತೆ ಸಾವಿರಕ್ಕೆ ಸುಮಾರು 3. ಲಸಿಕೆ ಹಾಕಿಸಿಕೊಳ್ಳದವರಿಗೆ ಹೆಪಟೈಟಿಸ್ ಬಿ ತಗಲುವ ಸಾಧ್ಯತೆ ನೂರಕ್ಕೆ 30ರವರೆಗೂ ಇದೆ! ಸೂಜಿ ಚುಚ್ಚಿದರೂ 72 ಗಂಟೆಯೊಳಗೆ, ಎಷ್ಟು ಬೇಗ ಆದರೆ ಅಷ್ಟು ಒಳ್ಳೇದು, ಶುರು ಮಾಡಿ 28 ದಿನ ನುಂಗುವ ಮಾತ್ರೆ ಇದೆ.

ಇನ್ನು ಉಪಕರಣದ ಮಾತು. ಆಟೊಕ್ಲೇವ್‌ನಲ್ಲಿ ಒತ್ತಡದ ಹಬೆ, 121 ಡಿಗ್ರಿ, ಕನಿಷ್ಠ 15 ನಿಮಿಷ. ಸರಿಯಾಗಿ ಮಾಡಿದರೆ ಎಚ್‌ಐವಿ ಉಳಿಯೋದಿಲ್ಲ. 'ಈಕೆಗೆ ಬೇರೆ ವ್ಯವಸ್ಥೆ ಬೇಕು' ಅನ್ನುವ ವೈದ್ಯರಿಗೆ ನನ್ನದು ಒಂದೇ ಪ್ರಶ್ನೆ. ಆಕೆಗಿಂತ ಮುಂಚೆ ಆ ಕುರ್ಚಿಯಲ್ಲಿ ಕೂತವರಿಗೆ ಯಾವ ವ್ಯವಸ್ಥೆ ಮಾಡಿದ್ರಿ ಸ್ವಾಮಿ? ಸೋಂಕು ಇದೆ ಅಂತ ತನಗೇ ಗೊತ್ತಿಲ್ಲದವನೂ ಅಲ್ಲಿ ಕೂತಿರಬಹುದಲ್ಲ? ಅದಕ್ಕೇ ಬಂದ ಪ್ರತಿಯೊಬ್ಬರಿಗೂ ಒಂದೇ ಎಚ್ಚರಿಕೆ ಅನ್ನೋದು ನಿಯಮ.

ಕಾನೂನೂ ಇದೆ. 2017ರ ಎಚ್‌ಐವಿ ಕಾಯ್ದೆ 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ. ಎಚ್‌ಐವಿ ಕಾರಣಕ್ಕೆ ಚಿಕಿತ್ಸೆ ನಿರಾಕರಿಸುವಂತಿಲ್ಲ.

ವೀಕ್ಷಕರೇ, ಮುಂದಿನ ಸಲ ಹಲ್ಲು ತೋರಿಸೋಕೆ ಹೋದಾಗ ಪಕ್ಕದವರ ಕಾಯಿಲೆ ವಿಚಾರಿಸಬೇಡಿ. 'ಡಾಕ್ಟ್ರೇ, ಉಪಕರಣದ ಪೊಟ್ಟಣ ನನ್ನೆದುರಿಗೇ ಬಿಚ್ಚಿ, ಗ್ಲೌಸ್ ಬದಲಾಯಿಸಿ' ಅಂತ ಕೇಳಿ. ನಿಮ್ಮನ್ನು ಕಾಪಾಡೋದು ಅದು. ಆ ಹೆಣ್ಣುಮಗಳನ್ನು ಆಚೆ ಕಳಿಸೋದ್ರಿಂದ ಯಾರಿಗೂ ರಕ್ಷಣೆ ಸಿಗಲ್ಲ.