ಹಾರ ಬಿಚ್ಚಿಟ್ಟ ಮೇಲೆ

ನಿವೃತ್ತನಾಗಿ ಬಂದ ಯೋಧನನ್ನು ನಮ್ಮ ಹಳ್ಳಿಗಳಲ್ಲಿ ಹಾರ ಹಾಕಿ, ತೆರೆದ ಜೀಪಿನಲ್ಲಿ ಮೆರವಣಿಗೆ ಮಾಡುತ್ತಾರೆ. ನೋಡಿದರೆ ಮನಸ್ಸು ತುಂಬುತ್ತದೆ. ಆದರೆ 15–17 ವರ್ಷ ಸೇವೆ ಮುಗಿಸಿದ ಎಷ್ಟೋ ಜವಾನರಿಗೆ ಆಗಿನ್ನೂ 40 ತುಂಬಿರುವುದಿಲ್ಲ. ಮಕ್ಕಳಿನ್ನೂ ಶಾಲೆಯಲ್ಲಿ; ಬೇರೊಂದು ಕೆಲಸ ಹುಡುಕಲೇಬೇಕು. ರಜೆಗಷ್ಟೇ ಬರುತ್ತಿದ್ದ ಅಪ್ಪ ಈಗ ದಿನವೂ ಮನೆಯಲ್ಲಿ. ಅಪ್ಪನಿಗೂ ಮಕ್ಕಳಿಗೂ ಹೊಂದಿಕೊಳ್ಳಲು ಸಮಯ ಬೇಕು. ಇಷ್ಟು ವರ್ಷ ಹೊಲ, ಅತ್ತೆ-ಮಾವನ ಔಷಧಿ, ಮಕ್ಕಳ ಓದು ಎಲ್ಲವನ್ನೂ ಒಬ್ಬಳೇ ನಿಭಾಯಿಸಿದ ಹೆಂಡತಿಗೂ ಆ ಜೀಪಿನಲ್ಲಿ ಜಾಗವಿರಬೇಕು ಎನ್ನುತ್ತೇನೆ ನಾನು.

ಇಂಥ ಕುಟುಂಬಗಳಿಗೆ ನೆರವಿದೆ. 2003ರಲ್ಲಿ ಶುರುವಾದ ಇಸಿಎಚ್‌ಎಸ್ ಯೋಜನೆಯಲ್ಲಿ ಮಾಜಿ ಸೈನಿಕರ ಕುಟುಂಬಕ್ಕೆ ಚಿಕಿತ್ಸೆ ಸಿಗುತ್ತದೆ. ಪಿಂಚಣಿ, ಮರುಉದ್ಯೋಗಕ್ಕೆ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಕಚೇರಿಗಳಿವೆ. ನಿಮ್ಮ ಬೀದಿಯಲ್ಲಿ ಯೋಧರ ಪತ್ನಿಯೋ ತಾಯಿಯೋ ಒಬ್ಬರೇ ಇದ್ದರೆ, ದಯವಿಟ್ಟು ಅವರ ಜೊತೆ ಆ ಕಚೇರಿಗೆ ಹೋಗಿಬನ್ನಿ.