ನಾನು ಹೇಳುವ ಒಂದೇ ಪುಸ್ತಕ

ಗೆಳೆಯರೇ, ಮೆಚ್ಚಿನ ಹತ್ತು ಪುಸ್ತಕ ಹೇಳಿ ಅಂದಿದ್ದರು. ನಾನು ಒಂದೇ ಹೇಳ್ತೇನೆ: ಸಾರಾ ಅಬೂಬಕ್ಕರ್ ಅವರ ‘ಚಂದ್ರಗಿರಿಯ ತೀರದಲ್ಲಿ’. ಹೌದು, ನಮ್ಮ ಕಾಸರಗೋಡಿನ ಹೊಳೆಯೇ. ಬಿಕಾಂ ಓದಿ ಬ್ಯಾಂಕಿನಲ್ಲಿ ಲೆಕ್ಕ ಬರೆಯುವ ನನ್ನಂಥವನೂ ಕೆಳಗಿಡದೆ ಓದಿದ ಕಾದಂಬರಿ.

ಅಪ್ಪನ ಹಟಕ್ಕೆ ನಾದಿರಾಳ ಸಂಸಾರ ಮುರಿಯುತ್ತದೆ. ಪ್ರೀತಿಯ ಗಂಡನ ಬಳಿಗೆ ಮರಳಬೇಕಾದರೆ ಇನ್ನೊಬ್ಬನನ್ನು ಮದುವೆಯಾಗಿ ಒಂದು ರಾತ್ರಿ ಕಳೆಯಬೇಕಂತೆ! ಅವಳ ಮನಸ್ಸನ್ನು ಯಾರೂ ಕೇಳೋದಿಲ್ಲ. ಮುಂದಿನದು ನೀವೇ ಓದಿ.

ಸಾರಾ ಅವರ ಮನೆಮಾತು ಮಲಯಾಳ, ಕಲಿತದ್ದು ಕನ್ನಡ ಶಾಲೆಯಲ್ಲಿ. ತಮ್ಮವರ ಸಂಕಟವನ್ನು ಕನ್ನಡದಲ್ಲೇ ಬರೆದರು. ಲಂಕೇಶ್ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂತು. ‘ಮನೇಲಿ ಕನ್ನಡ ಇಲ್ಲ, ನಮಗೇಕೆ ಕನ್ನಡ ಪುಸ್ತಕ’ ಅನ್ನುವ ಗೆಳತಿಯರಿಗೆ ಮೊದಲು ಇದನ್ನು ಕೊಡಿ.

ನನ್ನ ಪ್ರತಿ ಇಲ್ಲಿದೆ, ಯಾರು ತಗೊಳ್ತೀರಿ? ತಿಂಗಳೊಳಗೆ ವಾಪಸ್ ಬರಬೇಕು. ಬಡ್ಡಿ ಕೇಳಲ್ಲ.